ನನ್ನದೇ ಅಂತ ಒಂದು ಕುದುರೆ

3-4-88, ರವಿವಾರ

ಮತ್ತೆ ಬೇರೆ ಕುದುರೆ. ನಾಲ್ಕು ರವಿವಾರಕ್ಕೆ ಮೂರನೆಯದು. ಬೆಳಗಿನ ಬಸ್ಸಿಗೆ ಸುರಪುರಕ್ಕೆ ಹೋದೆ. ಗುಡ್ಡದ ಕೆಳಗಿನ ಬಯಲಿನಲ್ಲಿ ಸವಾರಿ ಕಲಿಸುವ ಯಾಕೂಬಸಾಬ ಕಾಯುತ್ತಿದ್ದ. ಮೊದಲೆರಡು ವಾರ ಮದುವೆ ಮೆರವಣಿಗೆಯ ಬಿಳಿ ಬಾದಶಾ ಕೊಟ್ಟಿದ್ದ. ದೂರದಲ್ಲಿ ಹಲಗೆ ಸದ್ದಾದರೆ ಸಾಕು, ಅದು ನನ್ನನ್ನು ಹೊತ್ತುಕೊಂಡೇ ಕುಣಿಯುತ್ತಿತ್ತು. ಹೋದ ವಾರ ಟಾಂಗಾದ ರಾಣಿ. ಬೆನ್ನ ಹಿಂದೆ ಗಾಡಿ ಇದೆ ಅಂತಲೇ ತಿಳಿದು ಅಗಲವಾಗಿ ತಿರುಗುತ್ತದೆ. ಅದು ನನ್ನ ಮಾತು ಕೇಳಲು ಶುರುಮಾಡಿತ್ತು, ಅಷ್ಟರಲ್ಲಿ ಇವತ್ತು ಶೈತಾನ. ಗಿಡ್ಡ, ಕೆಂಪು, ಕಚ್ಚುತ್ತದೆ.

ಯಾಕೆ ಬದಲಿಸಿದ್ರಿ ಅಂತ ಕೇಳಿದೆ.

“ಒಂದ ಕುದ್ರಿ ಮ್ಯಾಲ ಕಲತ್ರ ಆ ಕುದ್ರಿ ಅಷ್ಟ ಗೊತ್ತಾಗ್ತದ ಬಾಯಾರ. ಸವಾರಿ ಗೊತ್ತಾಗಂಗಿಲ್ಲ.”

ಮಾತು ಚೆನ್ನಾಗಿದೆ. ಚೆನ್ನಾಗಿ ಮಾತಾಡುವವರನ್ನು ಕಂಡರೆ ನನಗೆ ಭಯ. ನನ್ನ ಗಂಡ ಬಹಳ ಚೆನ್ನಾಗಿ ಮಾತಾಡುತ್ತಿದ್ದ. ಗುಲಬರ್ಗಾದಲ್ಲಿ ಅವನಿಗೆ ಇನ್ನೊಂದು ಮನೆ, ಎರಡು ಮಕ್ಕಳು ಇರುವುದು ಗೊತ್ತಾಗಲು ನನಗೆ ಆರು ವರ್ಷ ಹಿಡಿಯಿತು. ಕುದುರೆ ಬದಲಿಸುತ್ತಾ ಹೋದರೆ ನನ್ನ ಕಲಿಕೆ ಮುಗಿಯುವುದೇ ಇಲ್ಲ, ಸಾಬನ ರವಿವಾರದ ಗಿರಾಕಿ ತಪ್ಪುವುದೂ ಇಲ್ಲ. ಇಷ್ಟು ಲೆಕ್ಕ ನನಗೂ ಬರುತ್ತದೆ.

ತೊಡೆ ಸುಲಿದಿದೆ. ಕಚ್ಚೆ ಸೀರೆಯ ಒಳಗೆ ಪೈಜಾಮ ಹಾಕಬೇಕು.

11-4-88

ಹುಣಸಗಿ ಆಸ್ಪತ್ರೆಯಲ್ಲಿ ನರ್ಸುಗಳ ಮೀಟಿಂಗ್. ಡಾಕ್ಟರು ಎಲ್ಲರೆದುರು ಕೇಳಿದರು, “ಏನು ಸಿಸ್ಟರ್, ಕುದುರೆ ಕಲಿಯುತ್ತಿದ್ದೀರಂತೆ?” ಎಲ್ಲರೂ ನಕ್ಕರು. ಹೇಳಿದವರು ಯಾರು? ಬಸ್ಸಿನಲ್ಲಿ ನನ್ನ ಹಿಂದೆ ಕುಳಿತಿದ್ದ ಕ್ಲಾರ್ಕೇ ಇರಬೇಕು.

ನಗಲಿ. ಕೆನಾಲದ ಆಚೆಯ, ಹತ್ತಾರು ಮನೆಗಳ ಎರಡು ದೊಡ್ಡಿಗಳಿಗೆ ಮಳೆಗಾಲದಲ್ಲಿ ಜೀಪ್ ಹೋಗುವುದಿಲ್ಲ, ಸೈಕಲ್ಲೂ ಹೋಗುವುದಿಲ್ಲ. ಮೊದಲು ಬಂಡಿದಾರಿ ಇತ್ತಂತೆ, ಕೆನಾಲ ಅದನ್ನು ಕಡಿದುಹಾಕಿತು. ಈಗ ಸೇತುವೆ ಸುತ್ತಿ ಎರೆಭೂಮಿಯಲ್ಲಿ ನಡೆಯಬೇಕು. ಬಸಿನೀರಿಗೆ ಆ ಮಣ್ಣು ಒಣಗುವುದೇ ಇಲ್ಲ. ಹೋದ ಆಗಸ್ಟಿನಲ್ಲಿ ಆಚೆ ದೊಡ್ಡಿಯ ತಿಮ್ಮವ್ವನ ಹೆರಿಗೆಗೆ ಕರೆ ಬಂತು. ಎರಡೂವರೆ ತಾಸು ನಡೆದೆ. ಮುಟ್ಟಿದಾಗ ತಾಯಿಯೂ ಇಲ್ಲ, ಮಗುವೂ ಇಲ್ಲ. ರಿಜಿಸ್ಟರಿನಲ್ಲಿ ‘ತಡವಾಗಿ ತಲುಪಲಾಯಿತು’ ಅಂತ ಬರೆದೆ. ಯಾರಿಂದ ತಡ ಅಂತ ಬರೆಯಲು ಅದರಲ್ಲಿ ಕಾಲಂ ಇಲ್ಲ.

ಹಿಂದೆ ಇಲ್ಲಿ ಸಿಡುಬಿನ ಲಸಿಕೆ ಹಾಕುವವನು ಕುದುರೆಯ ಮೇಲೆ ಬರುತ್ತಿದ್ದನಂತೆ. ಅವನಿಗೆ ಆಗಿದ್ದು ನನಗೆ ಯಾಕಾಗಬಾರದು? ಮಳೆ ಬೀಳುವ ಮೊದಲು ಕಲಿಯಬೇಕು. ಈ ವರ್ಷ ಆಚೆ ದೊಡ್ಡಿಗಳಲ್ಲಿ ಐದು ಜನ ಬಸುರಿಯರಿದ್ದಾರೆ.

24-4-88, ರವಿವಾರ

ಶೈತಾನನ ಮೇಲೆ ಬಯಲಿಗೆ ಮೂರು ಸುತ್ತು ದೌಡು. ಬೀಳಲಿಲ್ಲ! ಸಾಬ ನಡುವೆ ನಿಂತು ಬಾಯಲ್ಲಿ ಚ್ಚಚ್ಚ ಅನ್ನುತ್ತಿದ್ದ. ನಾನು ಲಗಾಮು ಎಳೆದ ಕಡೆಗೆಲ್ಲ ಅದು ತಿರುಗಿತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಒಂದು ಮಾತ್ರ ಕಣ್ಣಿಗೆ ಬಿತ್ತು. ಅವನ ಮೂರೂ ಕುದುರೆಗಳ ಪಕ್ಕೆಲುಬು ಎಣಿಸಬಹುದು. ದುಡಿಸುತ್ತಾನೆ, ತಿನ್ನಿಸುವುದಿಲ್ಲ. ಕೇಳಿಯೇಬಿಟ್ಟೆ, “ಹೊಟ್ಟಿಗಿ ಹಾಕ್ತೀರೋ ಇಲ್ರೋ?” ಅವನು ನಕ್ಕ. “ಹೊಟ್ಟಿ ಮ್ಯಾಲ ಓಡಂಗಿಲ್ರಿ ಬಾಯಾರ, ಕಾಲ ಮ್ಯಾಲ ಓಡ್ತದ.” ಉತ್ತರ ತಪ್ಪಿಸುವವರು ಹೀಗೇ ನಗುತ್ತಾರೆ.

ನಾನು ಇಳಿದ ಕೂಡಲೇ ಕುದುರೆಯನ್ನು ಹಿಡಿದುಕೊಂಡು ಮನೆಯ ಹಿಂದೆ ಹೋಗುತ್ತಾನೆ. ಅಲ್ಲಿ ಏನು ಮಾಡುತ್ತಾನೋ! ನಾನು ಕೈ ತೊಳೆದು ಬಸ್ ಹಿಡಿಯುತ್ತೇನೆ.

15-5-88, ರವಿವಾರ

ನನ್ನದೇ ಒಂದು ಕುದುರೆ ತಗೊಳ್ಳುತ್ತೇನೆ ಅಂದೆ. ಯಾಕೂಬಸಾಬನ ಮುಖ ಸಣ್ಣದಾಯಿತು.

“ಬ್ಯಾಡ್ರಿ. ಮಳಿಗಾಲ ಮುಗಿಯೂತನಕ ರಾಣೀನ್ನ ಒಯ್ಯಿರಿ. ನಾ ಹದಿನೈದು ದಿನಕ್ಕೊಮ್ಮಿ ಬಂದು ನೋಡಿ ಹೋಗ್ತೀನಿ.”

“ಯಾಕ? ನನಗ ಸವಾರಿ ಬರಂಗಿಲ್ಲೇನು?”

“ಸವಾರಿ ಬರ್ತದ. ಕುದ್ರಿ ಸಾಕೂದು ಬ್ಯಾರೇನ ವಿದ್ಯಾ.”

ಅಂದರೆ ಬಾಡಿಗೆ ಅವನಿಗೆ ಬರುತ್ತಲೇ ಇರಬೇಕು. ಇಷ್ಟು ದಿನ ಕಲಿಸಿದ್ದು ಇದಕ್ಕೇನಾ? ಇನ್ನು ಆ ಬಯಲಿಗೆ ಹೋಗುವುದಿಲ್ಲ.

22-5-88

ಶಹಾಪುರ. ಜಲಾಲುದ್ದೀನ ಅಂತ ಕುದುರೆ ವ್ಯಾಪಾರಿ. ಹೆಣ್ಣು ಕುದುರೆ, ಕೆಂಪು ಬಣ್ಣ, ಆರು ವರ್ಷ. ಹಲ್ಲು ನೋಡಿದೆ, ಕಾಲೆತ್ತಿ ನೋಡಿದೆ, ಹತ್ತಿ ನೋಡಿದೆ. ಎಲ್ಲ ಸರಿ. ಎಲ್ಲ ಸರಿಯಾಗಿದ್ದರೆ ಇಷ್ಟು ಅಗ್ಗಕ್ಕೆ ಯಾಕೆ ಮಾರುತ್ತಿದ್ದೀರಿ ಅಂತ ಗದರಿಸಿದೆ. ಆಗ ಬಾಯಿಬಿಟ್ಟ. ಎಡಗಣ್ಣಿನ ಕೆಳಗೆ ಕೂದಲಿನ ಸುಳಿ ಇದೆ. ಕಣ್ಣೀರಿನ ಸುಳಿ. ಸಾಕಿದವರ ಮನೆಯಲ್ಲಿ ಅಳು ತಪ್ಪುವುದಿಲ್ಲವಂತೆ, ಯಾರೂ ಕೊಳ್ಳುವುದಿಲ್ಲವಂತೆ.

ನನಗೆ ನಗು ಬಂತು. ನನ್ನ ಮನೆಯಲ್ಲಿ ಅಳುವುದನ್ನೆಲ್ಲ ಅತ್ತು ಮುಗಿಸಿದ್ದೇನೆ. ತವರು ದೋರನಹಳ್ಳಿಯಲ್ಲಿ ನಮ್ಮಪ್ಪ ಬುದ್ಧನ ಫೋಟೋ ಇಟ್ಟ ದಿನವೇ ಸುಳಿ, ಶಕುನ ಎಲ್ಲ ಹೊರಗೆ ಹಾಕಿದ್ದ. ಮದುವೆಯ ಎರಡು ಬಳೆ ಮಾರಿ ತಗೊಂಡೆ. ಆ ಬಳೆಗಳಿಂದ ಆದ ಉಪಯೋಗ ಇದೊಂದೇ.

ಹೆಸರಿಡುವುದಿಲ್ಲ. ಹೆಸರಿಟ್ಟರೆ ಮಾಯೆ ಹತ್ತುತ್ತದೆ.

9-6-88, ಗುರುವಾರ

ಕುದುರೆ ಬಂದು ಹದಿನೆಂಟು ದಿನವಾಯಿತು. ಸಬ್‌ಸೆಂಟರಿನ ನನ್ನ ಮನೆಯ ಹಿಂದೆ ತಗಡಿನ ಚಪ್ಪರ ಹಾಕಿಸಿ ಕಟ್ಟಿದ್ದೇನೆ. ಯಾಕೂಬಸಾಬನ ಹಾಗೆ ನಾನು ಉಪವಾಸ ಕೆಡವುವುದಿಲ್ಲ. ಕೆನಾಲ ಬಂದ ಮೇಲೆ ಇಲ್ಲಿ ಹೊರಗಿನಿಂದ ಬಂದ ರೈತರ ಭತ್ತದ ಕ್ಯಾಂಪ್‌ಗಳಾಗಿವೆ, ಅಕ್ಕಿ ಗಿರಣಿಯಾಗಿದೆ, ತೌಡಿಗೇನು ಬರ. ದಿನಕ್ಕೆ ಎರಡು ಬುಟ್ಟಿ ತೌಡು, ಕೆನಾಲದ ಹಸಿ ಹುಲ್ಲು, ನೆನೆಸಿದ ಹುರಳಿ. ಮೈ ಮಿರಮಿರ ಮಿಂಚುತ್ತಿದೆ. ನೋಡಲು ಎರಡು ಕಣ್ಣು ಸಾಲದು.

ಸಂಜೆ ದುರಗಮ್ಮ ಬಂದು ನಿಂತಳು. ಈ ಊರಿನ ಸೂಲಗಿತ್ತಿ. ಅರವತ್ತು ದಾಟಿದೆ. ನಾನು ಬರುವ ಮೊದಲು ಇಲ್ಲಿ ಹುಟ್ಟಿದವರೆಲ್ಲ ಅವಳ ಕೈಯಲ್ಲೇ ಹುಟ್ಟಿದ್ದು. ಪ್ರತಿ ಹೆರಿಗೆಗೆ ಅವಳಿಗೆ ಸೀರೆ, ಜೋಳ, ಮರ್ಯಾದೆ ಸಿಗುತ್ತಿತ್ತು. ಈಗ ನನಗೆ ಕರೆ ಬರುತ್ತದೆ. ಅವಳಿಗೆ ನನ್ನ ಮೇಲೆ ಪ್ರೀತಿ ಇರಲು ಸಾಧ್ಯವೇ ಇಲ್ಲ.

“ತೌಡು ಭಾಳ ಹಾಕಬ್ಯಾಡ ತಂಗಿ. ಕುದ್ರಿಗಿ ಜ್ವಾಳದ ಒಣಾ ಕಣಿಕಿ ಛಲೋ” ಅಂದಳು.

ಅವಳ ಮನೆಯಲ್ಲಿ ಕರೆಯುವ ಎಮ್ಮೆ ಇದೆ. ತೌಡು ಎಲ್ಲಿಗೆ ಹೋಗಬೇಕು ಅಂತ ಅವಳ ಮನಸ್ಸಿನಲ್ಲಿರುವುದು ನನಗೆ ಗೊತ್ತಿಲ್ಲವೇ. ಆಯಿತು ಅಂದೆ. ನಾಳೆ ಅರ್ಧ ಬುಟ್ಟಿ ಹೆಚ್ಚೇ ಹಾಕುತ್ತೇನೆ.

14-6-88

ಹೋದೆ! ಬೆಳಗಿನ ಜಾವ ಮಳೆ, ಏಳಕ್ಕೆ ಆಚೆ ದೊಡ್ಡಿಯಿಂದ ಕರೆ, ಮುಕ್ಕಾಲು ತಾಸಿನಲ್ಲಿ ಮುಟ್ಟಿದೆ. ಕುದುರೆ ಕೆಸರಿನಲ್ಲಿ ಕಾಲು ಕಿತ್ತುಕೊಂಡು ಹೇಗೆ ನಡೆಯಿತು! ಹೆಣ್ಣು ಮಗು, ಎರಡೂಮುಕ್ಕಾಲು ಕೆಜಿ. ಇಬ್ಬರೂ ಚೆನ್ನಾಗಿದ್ದಾರೆ. ಬರುವಾಗ ಕುದುರೆಯ ಕುತ್ತಿಗೆ ತಟ್ಟುತ್ತಾ ಅತ್ತೆ. ಸುಳಿಯ ಮಾತು ಖರೆಯಾಯಿತು ಅಂತ ಯಾರಾದರೂ ಹೇಳುತ್ತಾರೆ ಅಂತ ಊರ ಹತ್ತಿರ ಕಣ್ಣೊರೆಸಿಕೊಂಡೆ.

ಎದುರು ಮನೆಯ ಸಂಗಣ್ಣಗೌಡರು ಕಟ್ಟೆಯ ಮೇಲೆ ಕುಳಿತಿದ್ದರು. ಹಿಂದೊಮ್ಮೆ ಯಾಕೂಬಸಾಬ ನನ್ನನ್ನು ತನ್ನ ರಾಣಿಯ ಮೇಲೆ ಕೂರಿಸಿ, ಲಗಾಮು ಹಿಡಿದು ಇಲ್ಲಿಯವರೆಗೆ ಕರೆತಂದಿದ್ದ. ಆವತ್ತು ಇವರೇ ನಕ್ಕು ಕೈ ಎತ್ತಿದ್ದರು. ಇವತ್ತು ಕೇಳಿದರು, “ಯಾರ ಕುದ್ರಿ ನರ್ಸಬಾಯಿ?”

“ನಂದ್ರಿ.”

ಈ ಸಲ ಅವರು ಕೈ ಎತ್ತಲಿಲ್ಲ. ನಾನೂ ಇಳಿಯಲಿಲ್ಲ. ಬಾಡಿಗೆ ಕುದುರೆಯ ಮೇಲಿದ್ದಾಗ ನಾನು ಸಾಮಾನಿನ ಗಂಟು. ಸ್ವಂತ ಕುದುರೆಯ ಮೇಲೆ ಕುಳಿತರೆ ನಾನು ಇವರಿಗಿಂತ ಎತ್ತರ. ಇದು ಅವರಿಗೆ ಸೇರಲಿಲ್ಲ. ಅವರ ಮೇಲೆ ಒಂದು ಕಣ್ಣಿಡಬೇಕು.

27-6-88, ಸೋಮವಾರ

ಕುದುರೆ ಹೊರಡುತ್ತಿಲ್ಲ. ಮೂರು ದಿನದಿಂದ ಹೀಗೆ. ಹತ್ತಿ ಕೂತರೆ ಗೇಟಿನವರೆಗೆ ಹೋಗಿ ನಿಂತುಬಿಡುತ್ತದೆ. ಕಲ್ಲಿನ ಮೇಲೆ ಕಾಲಿಡಲು ಹಿಂದೆ ಮುಂದೆ ನೋಡುತ್ತದೆ. ಹಿಮ್ಮಡಿಯಿಂದ ಒತ್ತಿದೆ, ಬೈದೆ, ಬೆಲ್ಲ ತೋರಿಸಿದೆ. ಇಲ್ಲ.

ಸುರಪುರದಲ್ಲಿ ಮೂರು ಕುದುರೆ ಹತ್ತಿದ್ದೇನೆ, ಒಂದೂ ಹೀಗೆ ಮಾಡಲಿಲ್ಲ. ಈಗ ಹೊಳೆಯುತ್ತಿದೆ. ಅವು ನನ್ನ ಲಗಾಮಿಗೆ ತಿರುಗಲೇ ಇಲ್ಲ. ನಡುವೆ ನಿಂತ ಸಾಬನ ಚ್ಚಚ್ಚಗೆ ತಿರುಗುತ್ತಿದ್ದವು. ನಾನು ಮೇಲೆ ಕುಳಿತು ಓಡಿಸುತ್ತಿದ್ದೇನೆ ಅಂದುಕೊಂಡಿದ್ದೆ. ಎಂಥ ಮೋಸ!

ಅಥವಾ ಜಲಾಲುದ್ದೀನ ಔಷಧ ಹಾಕಿ ಹುರುಪು ಬರಿಸಿ ಮಾರಿದನೋ? ಅಥವಾ ಇಬ್ಬರೂ ಒಂದೇ ಗುಂಪಿನವರೋ?

ಕೆಲಸವಿಲ್ಲದೆ ಸೊರಗಬಾರದು ಅಂತ ತೌಡಿಗೆ ಬೆಲ್ಲ ಕಲಸಿ ಇಟ್ಟೆ. ಮೂರು ದಿನದಿಂದ ನಾನು ದೊಡ್ಡಿಗಳಿಗೆ ನಡೆದೇ ಹೋಗುತ್ತಿದ್ದೇನೆ.

4-7-88

ಯಾರೋ ನನ್ನ ಕುದುರೆಯನ್ನು ಬಿಚ್ಚುತ್ತಿದ್ದಾರೆ.

ಒಂದು: ನಾನು ಹಾಕುವುದು ಎರಡು ಸುತ್ತಿನ ಗಂಟು. ಬೆಳಿಗ್ಗೆ ನೋಡಿದರೆ ಬೇರೆ ಗಂಟು, ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಎರಡು: ಮೊಣಕಾಲಿನವರೆಗೆ ಒದ್ದೆ. ಮಳೆ ಬಿದ್ದಿರಲಿಲ್ಲ. ಮೂರು: ಇವತ್ತು ದುರಗಮ್ಮ ಗೇಟಿನ ಆಚೆಯಿಂದ ತನ್ನ ಪಾಡಿಗೆ ತಾನು “ಕೆಂಪಿ” ಅಂದಳು. ಕುದುರೆ ಕಿವಿ ನಿಮಿರಿಸಿ ಅತ್ತ ತಿರುಗಿತು. ನಾನು ಹೆಸರೇ ಇಟ್ಟಿಲ್ಲ!

ಯಾರನ್ನೂ ಕೇಳಲಿಲ್ಲ. ಕೇಳಿದರೆ ಎಚ್ಚರವಾಗುತ್ತಾರೆ. ಗಂಡನ ವಿಷಯದಲ್ಲಿ ಕೇಳಿ ಕೇಳಿ ಕೆಟ್ಟಿದ್ದೇನೆ. ಈ ಸಲ ನೋಡಿ ಹಿಡಿಯುತ್ತೇನೆ.

11-7-88, ಸೋಮವಾರ

ನಸುಕಿನಲ್ಲಿ ಕಿಟಕಿಯ ಬಳಿ ಕುಳಿತೆ. ಬಂದಳು. ದುರಗಮ್ಮನೇ. ಸೆರಗು ಬಿಗಿದು, ಕುದುರೆ ಬಿಚ್ಚಿ, ಕೆನಾಲದ ಕಡೆ ಒಯ್ದಳು. ಬಯಲಿಗೆ ಹೊರಟ ಹೆಂಗಸರು ಎದುರಾದರು, ಒಬ್ಬಳೂ ಏನೆಂದು ಕೇಳಲಿಲ್ಲ. ಊರೆಲ್ಲ ಒಂದೇ. ತಾಸಿನ ನಂತರ ತಂದು ಕಟ್ಟಿದಳು.

ಈಗ ಎಲ್ಲ ಅರ್ಥವಾಯಿತು. ಬೆಳಿಗ್ಗೆ ದಣಿಸಿಬಿಟ್ಟರೆ ಹಗಲಿಗೆ ಕುದುರೆ ನನಗೆ ನಡೆಯುವುದಿಲ್ಲ. ಕುದುರೆ ನಡೆಯದಿದ್ದರೆ ನಾನು ತಡ. ನಾನು ತಡವಾದರೆ ದೊಡ್ಡಿಯವರು ಯಾರನ್ನು ಕರೆಯಬೇಕು? ಅವಳನ್ನು. ಒಂದು ಸೀರೆಗಾಗಿ, ನಾಲ್ಕು ಸೇರು ಜೋಳಕ್ಕಾಗಿ ಇನ್ನೊಬ್ಬ ತಿಮ್ಮವ್ವ ಸತ್ತರೂ ಈ ಮುದುಕಿಗೆ ಚಿಂತೆಯಿಲ್ಲ.

13-7-88

ಹುಣಸಗಿಯಿಂದ ಸರಪಳಿ, ಬೀಗ ತಂದೆ. ಮುಂಗಾಲಿಗೆ ಹಾಕಿ ಕಂಬಕ್ಕೆ ಬಿಗಿದೆ. ಬೀಗದ ಕೈ ನನ್ನ ಸೊಂಟದಲ್ಲಿ.

14-7-88

ನಸುಕಿನಲ್ಲಿ ಬಂದಳು. ಸರಪಳಿ ನೋಡಿದಳು. ಬಹಳ ಹೊತ್ತು ನಿಂತಳು. ನನ್ನ ಬಾಗಿಲಿನವರೆಗೆ ಬಂದಳು. ಬಡಿಯಲಿಲ್ಲ, ಹೋದಳು. ಒಳಗೆ ಕುಳಿತು ನಕ್ಕೆ.

16-7-88, ಶನಿವಾರ

ಕಾಲು ಒಣಗಿದೆ. ಬೀಗ ಹಾಗೇ ಇದೆ. ಇನ್ನು ನಾಲ್ಕು ದಿನ ವಿಶ್ರಾಂತಿ ಸಿಕ್ಕರೆ ಕುದುರೆ ಮೊದಲಿನಂತೆ ಆಗುತ್ತದೆ. ಸಂಜೆಯಿಂದ ಮಲಗಿಕೊಂಡೇ ಇದೆ. ದಣಿವು ತೀರಿಸಿಕೊಳ್ಳಲಿ.

17-7-88, ರವಿವಾರ

ಏಳುತ್ತಿಲ್ಲ. ಎಬ್ಬಿಸಿದರೆ ನಾಲ್ಕೂ ಕಾಲು ಒಂದೆಡೆ ಕೂಡಿಸಿ ನಡುಗುತ್ತದೆ, ಮತ್ತೆ ಬೀಳುತ್ತದೆ. ಬೆವರು. ನರಳುತ್ತಿದೆ, ಹೆರಿಗೆ ನೋವಿನವರ ಹಾಗೆ. ನನಗೆ ಏನೂ ತಿಳಿಯುತ್ತಿಲ್ಲ. ಮನುಷ್ಯರ ನಾಡಿ ನೋಡುವುದು ಗೊತ್ತು, ಇದಕ್ಕೆ ಎಲ್ಲಿ ಹಿಡಿಯಬೇಕು?

ಸುರಪುರದ ಬಸ್ ಕಂಡಕ್ಟರ್ ಕೈಯಲ್ಲಿ ಯಾಕೂಬಸಾಬನಿಗೆ ಚೀಟಿ ಕಳಿಸಿದೆ. ಬರುತ್ತಾನೋ ಇಲ್ಲವೋ. ನಾನಾಗಿದ್ದರೆ ಬರುತ್ತಿರಲಿಲ್ಲ.

18-7-88

ಮೊದಲ ಬಸ್ಸಿಗೇ ಬಂದ. ಚಹಾ ಕೂಡ ಕುಡಿಯಲಿಲ್ಲ. ಕುದುರೆಯ ಪಕ್ಕ ಕುಳಿತು ಗೊರಸು ಹಿಡಿದ. ನನ್ನ ಕೈ ಎಳೆದು ಅದರ ಮೇಲಿಟ್ಟ. “ಮುಟ್ಟಿ ನೋಡ್ರಿ. ಬೆಂಕಿ.”

ನಿಜ. ಒಲೆಯ ಮೇಲಿನ ಹಂಚು.

“ತೌಡು ಎಷ್ಟ ಹಾಕ್ತೀರಿ?”

“ದಿನಾ ಎರಡ ಬುಟ್ಟಿ. ಬೆಲ್ಲಾ ಕಲಸಿ.”

ಅವನು ಹಣೆ ಹಿಡಿದುಕೊಂಡ. “ಎಮ್ಮಿಗಿ ಹಾಕಿದಂಗ ಹಾಕೀರಲ್ಲ ಬಾಯಾರ. ಕುದ್ರಿಗಿ ತಿಂದದ್ದು ಕಾಲಿಗಿ ಇಳೀತದ. ಇಷ್ಟ ತಿಂದ ಕುದ್ರಿ ಇಪ್ಪತ್ತ ದಿನದ ಹಿಂದ ಬೀಳಬೇಕಿತ್ತು.” ಮೊಣಕಾಲಿನವರೆಗೆ ಹತ್ತಿ ಒಣಗಿದ್ದ ಕೆನಾಲದ ರಾಡಿ ಸವರಿ ನೋಡಿದ. “ಯಾರೋ ದಿನಾ ನೀರಾಗ ನಿಲ್ಲಿಸ್ಯಾರ. ಗೊರಸಿನ ಕಾವು ಇಳಿಸ್ಯಾರ. ಅದಕ್ಕ ಇಲ್ಲೀತನ ನಡದದ. ಯಾರ್ರಿ ಅವರು? ಯಾಕ ಬಿಟ್ರು?”

ನಾನು ಸರಪಳಿ ನೋಡಿದೆ. ಅವನೂ ನೋಡಿದ. ಬೈಯಲಿಲ್ಲ, ದೊಡ್ಡ ಮನುಷ್ಯ. ತನ್ನ ಮನೆಯ ಹಿಂದೆ ಪ್ರತಿ ರವಿವಾರ ಏನು ಮಾಡುತ್ತಿದ್ದ ಅಂತ ಈಗ ಹೇಳಿದ. ಮೈ ಆರಿಸಿ, ಅಡ್ಡಾಡಿಸಿ, ಗೊರಸು ಕೆದರಿ, ಒಣ ಕಣಿಕೆ ಹಾಕಿ ಎರಡು ತಾಸು. “ತೋರಿಸಬೇಕಂತಿದ್ದೆ. ನಿಮಗ ಬಸ್ಸಿನ ಅವಸರ ಇರ್ತಿತ್ತು.”

ದುರಗಮ್ಮನ ಮನೆಗೆ ಹೋದೆ. ಹೊಸ್ತಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು.

“ನನಗ ಹೇಳಬಾರದಿತ್ತೇನ ಯವ್ವಾ?”

“ಹೇಳಿದ್ನಲ್ಲ. ತೌಡು ಬ್ಯಾಡ ಅಂದ್ನಿ. ನೀ ನನ್ನ ಎಮ್ಮಿ ಕಡೆ ನೋಡಿದಿ.” ಮೊರ ಕೊಡವಿದಳು. “ನಮ್ಮಪ್ಪ ಸುರಪುರದಾಗ ಲಾಯದಾಗ ದುಡದಾಂವ. ಕುದ್ರಿ ಕಾಲ ನೋಡಿದ್ರ ನನಗ ತಿಳೀತದ. ಮತ್ತೊಮ್ಮಿ ಹೇಳಿದ್ರ ನಂಬ್ತಿದ್ಯೇನು?”

ಇಲ್ಲ ಅಂದೆ. ಅದೊಂದು ನಿಜವನ್ನಾದರೂ ಹೇಳಿದೆ.

ಅವಳು ಎದ್ದು ಬಂದಳು. ಕೆನಾಲದವರೆಗೆ ನಡೆಸಲು ಆಗಲಿಲ್ಲ. ಮೂವರೂ ಕೊಡದಿಂದ ನೀರು ತಂದು ಗೊರಸಿಗೆ ಹಾಕಿದೆವು, ಸಂಜೆಯವರೆಗೆ. ನೀರಿಗೆ ಬಂದ ಹೆಂಗಸರನ್ನು ಕೇಳಿದೆ, ದಿನಾ ನೋಡಿಯೂ ನನಗೆ ಯಾಕೆ ಹೇಳಲಿಲ್ಲ? “ನೀವ ಕಳಸೀರಿ ಅಂತ ತಿಳಕೊಂಡಿದ್ವಿ, ನರ್ಸಬಾಯಿ” ಅಂದರು.

ಬದುಕುತ್ತದೆ ಅಂದ ಸಾಬ. ಆದರೆ ಈ ಮಳೆಗಾಲದಲ್ಲಿ ಯಾರನ್ನೂ ಹೊರುವುದಿಲ್ಲ. ತನ್ನ ರಾಣಿಯನ್ನು ಬೇರೆಯವರಿಗೆ ಒಪ್ಪಿಸಿಬಿಟ್ಟಿದ್ದಾನೆ. ನಾನೇ ಬೇಡ ಅಂದಿದ್ದೆನಲ್ಲ.

23-7-88, ಶನಿವಾರ

ಮಧ್ಯಾಹ್ನ ಆಚೆ ದೊಡ್ಡಿಯಿಂದ ಕರೆ. ಶೇಖಮ್ಮ, ಚೊಚ್ಚಲು. ಎರಡು ದಿನದಿಂದ ಮಳೆ ಬಿಟ್ಟಿಲ್ಲ. ಹೋಗಬೇಕು, ನಡೆದು. ದುರಗಮ್ಮನನ್ನು ಕರೆದೆ. ಮೊದಲ ಸಲ ಕರೆದೆ. “ತಡಿ, ಎಣ್ಣಿ ತರ್ತೀನಿ” ಅಂದಳು, ಅಷ್ಟೇ.

24-7-88, ರವಿವಾರ

ಬದುಕಿದ್ದಾರೆ. ಇಬ್ಬರೂ.

ಎರಡೂಕಾಲು ತಾಸು ಹಿಡಿಯಿತು. ಮೂರು ಸಲ ಬಿದ್ದೆ. ಮುದುಕಿ ಒಮ್ಮೆಯೂ ಬೀಳಲಿಲ್ಲ, ನನ್ನ ಪೆಟ್ಟಿಗೆ ತಲೆಯ ಮೇಲೆ ಹೊತ್ತಿದ್ದಳು. ಮಗು ಅಡ್ಡ ಇತ್ತು. ಅವಳು ಎಣ್ಣೆ ಹಚ್ಚಿ ಹೊಟ್ಟೆಯ ಮೇಲಿಂದಲೇ ಸವರಿ ಸವರಿ ತಿರುಗಿಸಿದಳು. ನಾನು ಅಂಥದ್ದನ್ನು ಪುಸ್ತಕದಲ್ಲೂ ಸರಿಯಾಗಿ ಓದಿಲ್ಲ. ಆಮೇಲೆ ರಕ್ತ ನಿಲ್ಲಲಿಲ್ಲ. ಅದಕ್ಕೆ ನನ್ನ ಇಂಜೆಕ್ಷನ್ ಬೇಕಾಯಿತು. ತಿಮ್ಮವ್ವನಿಗೆ ಸಿಗದ ಎರಡು ತಾಸು ಶೇಖಮ್ಮನಿಗೆ ಸಿಕ್ಕಿತು. ನೋವು ನಿಧಾನವಾಗಿತ್ತು ಅಂತ ಸಿಕ್ಕಿತು. ನನ್ನ ಜಾಣತನ ಅದರಲ್ಲಿ ಏನೂ ಇಲ್ಲ. ಸ್ವಲ್ಪ ಅವಸರದ ಹೆರಿಗೆ ಆಗಿದ್ದರೆ ಇವತ್ತು ನಾನು ಒಬ್ಬಳನ್ನು ಕೊಂದವಳು, ತೌಡಿನಿಂದ ಮತ್ತು ಬೀಗದಿಂದ.

ಸೀರೆ ಅವಳಿಗೇ ಕೊಡಿರಿ ಅಂದೆ ಶೇಖಮ್ಮನ ಅತ್ತೆಗೆ. ದುರಗಮ್ಮ ತಗೊಂಡಳು, ನನ್ನ ಕಡೆ ನೋಡದೆ.

ಈಗ ಇಲ್ಲೇ ಕುಳಿತಿದ್ದಾಳೆ, ನನ್ನ ಕಟ್ಟೆಯ ಮೇಲೆ. ಕೆಂಪಿಗೆ ನೀರು ಹಾಕಿ ಬಂದಳು. ಚಹಾ ಕೊಟ್ಟೆ.

“ಏನ ಬರಿಯಾಕತ್ತಿ ತಂಗಿ? ರಿಜಿಸ್ಟರೇನು?”

ಅಲ್ಲ ಅಂದೆ. ದಿನಾ ನಡೆದದ್ದು ಬರೆದಿಡುತ್ತೇನೆ ಅಂದೆ. ಯಾಕೆ ಅಂದೆನೋ.

“ನಂದೂ ಬರದೀಯೇನು?”

ಹೂಂ.

“ಹಂಗಾರ ಓದು, ಕೇಳೂನು. ನನ್ನ ಹೆಸರ ಯಾರೂ ಎಲ್ಲೂ ಬರದಿಲ್ಲ.”

ಅವಳಿಗೆ ಓದು ಬರುವುದಿಲ್ಲ. ಬೇರೇನಾದರೂ ಓದಿದಂತೆ ಮಾಡಬಹುದು, ಅವಳು ನಂಬುತ್ತಾಳೆ. ಅವಳು ಎಲ್ಲರನ್ನೂ ನಂಬುತ್ತಾಳೆ ಅನ್ನಿಸುತ್ತದೆ. ಮುದುಕಿ ಅಂತ ಬರೆದಿದ್ದೇನೆ. ಸೀರೆಗಾಗಿ ಅಂತ ಬರೆದಿದ್ದೇನೆ. ಇನ್ನೊಬ್ಬ ತಿಮ್ಮವ್ವ ಸತ್ತರೂ ಅಂತ… ಅದನ್ನೂ ಓದಬೇಕು. ಓದದಿದ್ದರೆ ಗುಲಬರ್ಗಾದಲ್ಲಿ ಇನ್ನೊಂದು ಮನೆ ಬಚ್ಚಿಟ್ಟವನಿಗೂ ನನಗೂ ಏನು ವ್ಯತ್ಯಾಸ?

ಸ್ವಲ್ಪ ತಡಿ ಯವ್ವಾ, ಮುಗಿಸ್ತೀನಿ ಅಂದಿದ್ದೇನೆ. ಬರೆಯುತ್ತಲೇ ಇದ್ದೇನೆ. ಬರೆಯುವುದು ನಿಲ್ಲಿಸಿದರೆ ಓದಬೇಕಾಗುತ್ತದೆ. ಚಹಾ ಕುಡಿದು ಮುಗಿಸಿದಳು. ಲೋಟ ಕೆಳಗಿಟ್ಟಳು. ಹತ್ತಿರ ಸರಿದು ಕುಳಿತಳು. ಕೈ ಚಾಚಿ ನನ್ನ ಪೆನ್ನು ಹಿಡಿದು —